ಮೊದಲನೇ ‘ಬೇಡ’ ಲೆಕ್ಕಕ್ಕಿಲ್ಲ

ಪರದೇಶದಲ್ಲಿ ಮೇಷ್ಟ್ರಾದವನು ಪೆಚ್ಚಾಗಲು ವಿಶೇಷ ಪ್ರಯತ್ನವನ್ನೇನೂ ಮಾಡಬೇಕಿಲ್ಲ. ಬೆಳಿಗ್ಗೆ ಎದ್ದು ಶಾಲೆಗೆ ಹೋದರೆ ಸಾಕು, ಉಳಿದದ್ದು ತಾನಾಗಿಯೇ ನಡೆಯುತ್ತದೆ.

ನಾನು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದವನು. ಹೊಳಲ್ಕೆರೆಯ ಒಂದು ಖಾಸಗಿ ಶಾಲೆಯಲ್ಲಿ ಆರು ವರ್ಷ ಇಂಗ್ಲಿಷ್ ಪಾಠ ಮಾಡಿ, ಈಗ ದಕ್ಷಿಣ ಕೊರಿಯಾದ ಒಂದು ಸಣ್ಣ ಊರಿನ ಶಾಲೆಯಲ್ಲಿ ಅದೇ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ರಜೆಗೆ ಬಂದು ಚಿಕ್ಕಜಾಜೂರಿನಲ್ಲಿ ರೈಲು ಇಳಿದರೆ, “ಅಲ್ಲಿ ಮುದ್ದೆ ಸಿಗ್ತೈತಾ?” ಅಂತ ಕೇಳುವವರೇ ಎಲ್ಲ. ಸಿಗಲ್ಲ ಅಂದರೆ, “ಮತ್ಯಾಕಪ್ಪ ಹೋದೆ?” ಅನ್ನುತ್ತಾರೆ. ಮುದ್ದೆ ಇಲ್ಲದೆ ಹೇಗೋ ಬದುಕಿದೆ. ಆದರೆ ನಮ್ಮೂರಿನ ಮರ್ಯಾದೆಯನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಿದ್ದೆನಲ್ಲ, ಅದರಿಂದ ಕೆಲಸವೇ ಕೈಬಿಟ್ಟು ಹೋಗುವುದರಲ್ಲಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಮೂರು ದಿನದ ವ್ರತ

ಮೊದಲ ದಿನ ಶಾಲೆಯ ಬಾಗಿಲಲ್ಲಿ ಎಲ್ಲರೂ ಬೂಟು ಬಿಚ್ಚುತ್ತಿದ್ದರು. ವಿದ್ಯೆಗೆ ಎಂಥ ಗೌರವ ಎಂದು ನನಗೆ ಕಣ್ಣು ತುಂಬಿ ಬಂತು. ನಾನೂ ಬಿಚ್ಚಿದೆ. ಪಕ್ಕದ ಗೂಡುಗಳಲ್ಲಿ ಸಾಲಾಗಿ ಚಪ್ಪಲಿಗಳಿದ್ದವು. ಮಠದ ಬಾಗಿಲಲ್ಲಿ ಇರುತ್ತವಲ್ಲ, ಹಾಗೆ ಒಳಗೆ ಹೋದವರು ಬಿಟ್ಟಿರಬೇಕು ಅಂದುಕೊಂಡೆ. ಕಂಡವರ ಚಪ್ಪಲಿಗೆ ಕಾಲು ತೂರಿಸುವ ಜಾಯಮಾನ ನಮ್ಮದಲ್ಲ. ಕಾಲುಚೀಲದಲ್ಲೇ ಒಳಗೆ ಹೋದೆ. ಅಲ್ಲಿ ಎಲ್ಲರ ಕಾಲಲ್ಲೂ ಚಪ್ಪಲಿ ಕಂಡವು. ಮನೆಯಿಂದ ತಂದಿರುತ್ತಾರೆ ಅಂದುಕೊಂಡು ಸುಮ್ಮನಾದೆ.

ನೆಲ ಕನ್ನಡಿಯ ಹಾಗಿತ್ತು. ಎರಡು ದಿನದಲ್ಲಿ ಮೂರು ಸಲ ಜಾರಿದೆ. ಒಮ್ಮೆ ಪಾಠದ ನಡುವೆ ಬೋರ್ಡನ್ನೇ ತಬ್ಬಿಕೊಂಡು ನಿಂತೆ. ಮಕ್ಕಳು ಗೌರವದಿಂದ ನೋಡುತ್ತಿದ್ದರು.

ಮೂರನೇ ದಿನ ಹೆಡ್‌ಮಾಸ್ಟರು ತಾವೇ, ಶಾಲೆಯೊಳಗೆ ಹಾಕಿಕೊಳ್ಳಲೆಂದೇ ಆ ಗೂಡುಗಳಲ್ಲಿ ಇಡುವಂಥ ಒಂದು ಜೊತೆ ಹೊಸ ಚಪ್ಪಲಿ ಹಿಡಿದು ಬಂದರು. ಜೊತೆಗೆ, ನನ್ನ ತರಗತಿಗಳಲ್ಲಿ ನನ್ನೊಂದಿಗೆ ಪಾಠ ಮಾಡುವ ಟೀಚರಮ್ಮ. ನನ್ನ ಇಂಗ್ಲಿಷನ್ನು ಕೊರಿಯನ್ನಿಗೆ, ಅವರ ಕೊರಿಯನ್ನನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸವೂ ಆಕೆಯದೇ. ಹೆಡ್‌ಮಾಸ್ಟರು ಬಹಳ ಸಂಕೋಚದಿಂದ ಕೇಳಿಸಿದರು: “ಚಪ್ಪಲಿ ಹಾಕದ ಈ ವ್ರತ ಎಷ್ಟು ದಿನದ್ದು? ಮುಗಿಯುವ ತನಕ ಕಾಯುತ್ತೇವೆ.”

“ಮೂರೇ ದಿನದ್ದು ಸರ್,” ಅಂದೆ. “ಇವತ್ತಿಗೆ ಮುಗೀತು.”

ಮಿತಾಹಾರಿ

ಮಧ್ಯಾಹ್ನ ಮಕ್ಕಳು, ಮೇಷ್ಟ್ರುಗಳು ಎಲ್ಲರದೂ ಒಂದೇ ಕಡೆ ಊಟ. ನಾನು ಮಾಂಸ ತಿನ್ನುವುದಿಲ್ಲವೆಂದು ಅಡುಗೆಯಮ್ಮ ನನಗಾಗಿ ಸೊಪ್ಪು, ತೋಫು ಬೇರೆ ಮಾಡಿಡುತ್ತಿದ್ದರು. ಪುಣ್ಯಾತ್ಗಿತ್ತಿ. ಮೊದಲ ದಿನ ಒಂದು ಸೌಟು ಅನ್ನ ಹಾಕಿ, ಇನ್ನೊಂದು ಸೌಟು ಎತ್ತಿ, ಹಾಕಲೇ ಎಂಬಂತೆ ನೋಡಿದರು. ನಾನು ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದು, “ಬೇಡ, ಬೇಡ” ಅಂದೆ.

ನಮ್ಮ ಕಡೆ ಊಟಕ್ಕೆ ಕುಳಿತವನು ಕೈ ಅಡ್ಡ ಹಿಡಿದರೆ ಬಡಿಸುವವರು ಬೆರಳ ಸಂದಿಯಲ್ಲಿ ಬಡಿಸುತ್ತಾರೆ. ಆ ಅಮ್ಮ ಸೌಟನ್ನು ವಾಪಸು ಪಾತ್ರೆಗೆ ಹಾಕಿಬಿಟ್ಟರು! ನಾನು ಕೈ ತೆಗೆದು ಕಾದೆ. ಸಾಲಿನಲ್ಲಿ ಹಿಂದಿದ್ದವರು ಮುಂದೆ ನಡೆಯಿರಿ ಅಂದರು.

ಮಾರನೆಯ ದಿನದಿಂದ ಇಂಡಿಯಾದ ಮೇಷ್ಟ್ರಿಗೆ ಅರ್ಧ ಸೌಟು ಅಂತ ನಿಗದಿಯಾಯಿತು. ಫೋನಿನಲ್ಲಿ ಅವ್ವನಿಗೆ ಹೇಳಿದೆ. “ಇನ್ನೊಂದ್ಸಲ ಕೇಳ್ಲಿಲ್ವೇನೋ? ಎಂಥಾ ಜನನಪ್ಪ!” ಅಂತ ಅವ್ವ ಹಲುಬಿತು. ನಾನೇ ಬಾಯಿಬಿಟ್ಟು ಹಾಕಿ ಅನ್ನಬಹುದಿತ್ತು. ಅನ್ನಲಿಲ್ಲ. ನಾವು ಹಸಿವು ತಡೆಯುತ್ತೇವೆ, ನಾಚಿಕೆ ತಡೆಯುವುದಿಲ್ಲ.

ತಿಂಗಳಾದ ಮೇಲೆ ಟೀಚರಮ್ಮ ಊಟ ಚೆಲ್ಲುವ ಮಕ್ಕಳಿಗೆ ನನ್ನನ್ನು ತೋರಿಸಿ, “ಹಿತಮಿತವಾಗಿ ತಿನ್ನುವುದನ್ನು ಈ ಮೇಷ್ಟ್ರನ್ನು ನೋಡಿ ಕಲಿಯಿರಿ” ಅಂದರು. ಆಗ ನನ್ನ ಕೋಟಿನ ಎರಡೂ ಜೇಬಿನಲ್ಲಿ ಒಂದೊಂದು ಬನ್ನು ಇತ್ತು.

ಏನ್ ಕಳ್ಕಂಡ್ರಿ?

ಅಲ್ಲಿ ಹಿರಿಯರು ಎದುರಾದರೆ ಸೊಂಟ ಬಗ್ಗಿಸಿ ನಮಸ್ಕರಿಸಬೇಕು. ಶಾಲೆಯಲ್ಲಿ ದಿನಕ್ಕೆ ಇನ್ನೂರು ಸಲ ಬಗ್ಗುತ್ತಿದ್ದೆ. ಜನವರಿ ರಜೆಗೆ ಊರಿಗೆ ಬಂದೆ. ಹೊಳಲ್ಕೆರೆಯಲ್ಲಿ ಹೊಸದುರ್ಗದ ಬಸ್ಸು ಹತ್ತಿದವನೇ ರೂಢಿಬಲದಿಂದ ಕಂಡಕ್ಟರಿಗೆ ಬಗ್ಗಿದೆ. ಮುಂದಿನ ಸೀಟಿನ ಅಜ್ಜನಿಗೆ ಬಗ್ಗಿದೆ. ಪಕ್ಕದ ಅಜ್ಜಿಗೂ ಬಗ್ಗಿದೆ.

“ಏನ್ ಕಳ್ಕಂಡ್ರಿ ಸಾರ್?” ಅಂದ ಕಂಡಕ್ಟರ್.

“ಏನಿಲ್ಲ,” ಅಂತ ಅವನಿಗೇ ಇನ್ನೊಮ್ಮೆ ಬಗ್ಗಿದೆ.

“ಪಾಪ, ಸಂಕೋಚ ಪಡ್ತಾರೆ. ಏಳ್ರಿ ಎಲ್ರೂ, ಸೀಟಿನ ಕೆಳಗೆ ನೋಡ್ರಿ!” ಅಂದ. ಇಡೀ ಬಸ್ಸು ಬಗ್ಗಿತು. ಅಷ್ಟು ಜನ ಒಟ್ಟಿಗೆ ಬಗ್ಗಿದ್ದನ್ನು ನಾನು ಕೊರಿಯಾದಲ್ಲೂ ನೋಡಿಲ್ಲ.

ಎಲ್ಲರ ಮುಂದೆ

ಇನ್ನು ಕೆಲಸದ ವಿಷಯ. ನನ್ನ ಒಪ್ಪಂದ ಒಂದು ವರ್ಷದ್ದು. ಏಪ್ರಿಲ್ಲಿನಲ್ಲಿ ಹೆಡ್‌ಮಾಸ್ಟರು ಕರೆಸಿ, “ಇನ್ನೊಂದು ವರ್ಷ ಇರುತ್ತೀರಾ?” ಎಂದು ಕೇಳಿಸಿದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಆ ಮಕ್ಕಳನ್ನು ಬಿಟ್ಟು ಬರಲು ನನಗೆ ಖಂಡಿತ ಮನಸ್ಸಿರಲಿಲ್ಲ. ಆದರೆ ಕೇಳಿದ ತಕ್ಷಣ ಹೂಂ ಅಂದರೆ ಏನು ಚೆನ್ನ? ಕೈ ಮುಗಿದು, “ಅಯ್ಯೋ ಬೇಡ ಸರ್, ನನ್ನಿಂದ ನಿಮಗೆ ಯಾಕೆ ತೊಂದರೆ?” ಅಂದೆ. ಹೆಡ್‌ಮಾಸ್ಟರು ಮುಖ ಸಣ್ಣದು ಮಾಡಿಕೊಂಡು ಏನೋ ಬರೆದುಕೊಂಡರು. ಅಷ್ಟೇ. ಮತ್ತೆ ಕೇಳಲೇ ಇಲ್ಲ.

“ಇನ್ನೊಂದ್ಸಲ ಕೇಳ್ತಾರೆ ಸುಮ್ಕಿರು,” ಅಂತು ಅವ್ವ ಫೋನಿನಲ್ಲಿ. ಒಂದು ವಾರ ಕಾದೆ, ಎರಡು ವಾರ ಕಾದೆ. ಹೊಸ ಮೇಷ್ಟ್ರು ಬೇಕಾಗಿದ್ದಾರೆಂದು ಜಾಹೀರಾತು ಸಿದ್ಧವಾಗುತ್ತಿದೆ ಎಂದು ಟೀಚರಮ್ಮ ಹೇಳಿದರು. ನನಗೆ ಅರ್ಧ ಸೌಟೂ ಇಳಿಯದಾಯಿತು.

ಮೇ ತಿಂಗಳಲ್ಲಿ ನನ್ನ ತೆರೆದ ತರಗತಿ ಬಂತು. ಅವತ್ತು ಪೋಷಕರು, ಹೆಡ್‌ಮಾಸ್ಟರು ಎಲ್ಲರೂ ಹಿಂದೆ ಕುಳಿತು ಪಾಠ ನೋಡುತ್ತಾರೆ. ‘ಇನ್ನೊಂದು ದೇಶದ ಒಂದು ಮನೆ’ ಎಂಬ ಪಾಠ. ವೀಡಿಯೊ ಕಾಲ್ ಮಾಡಿ ಅವ್ವನನ್ನು ದೊಡ್ಡ ಪರದೆಯ ಮೇಲೆ ಕೂರಿಸಿದೆ. ಮಕ್ಕಳು ಇಂಗ್ಲಿಷಿನಲ್ಲಿ ಕೇಳುವುದು, ನಾನು ಅವ್ವನ ಉತ್ತರ ಹೇಳುವುದು. ಅಲ್ಲಿ ಮಧ್ಯಾಹ್ನ ಎರಡು, ನಮ್ಮೂರಲ್ಲಿ ಹತ್ತೂವರೆ. ಅವ್ವನ ಹಿಂದೆ ಅಂಗಳದ ತುಂಬ ಖಾರದಪುಡಿಗೆ ಒಣಹಾಕಿದ ಕೆಂಪು ಮೆಣಸಿನಕಾಯಿ.

ಅದನ್ನು ಕಂಡದ್ದೇ ತಡ, ಹೆಡ್‌ಮಾಸ್ಟರು ಎದ್ದು ಮುಂದೆ ಬಂದರು. ಅವರ ತಾಯಿಯೂ ಹೀಗೇ ಅಂಗಳದಲ್ಲಿ ಚಾಪೆ ಹಾಸಿ ಒಣಗಿಸುತ್ತಿದ್ದರಂತೆ. ಎಷ್ಟು ದಿನ ಒಣಗಿಸುತ್ತೀರಿ ಎಂದು ಕೇಳಿಸಿದರು.

“ಬಿಸಿಲು ಚೆನ್ನಾಗಿದ್ರೆ ನಾಕೇ ದಿನ ಸಾಕ್ರಿ. ಕುಂತ್ಕಳ್ರಿ ಸಾರ್, ಯಾಕ್ ನಿಂತೀರಿ? ಉಂಡ್ರಾ?” ಅಂತು ಅವ್ವ. ಹೆಡ್‌ಮಾಸ್ಟರು ಮಗುವಿನ ಕುರ್ಚಿಯಲ್ಲಿ ಕುಳಿತೇಬಿಟ್ಟರು. ಮೆಣಸಿನಕಾಯಿ ಮುಗಿದು ಉಪ್ಪಿನಕಾಯಿಗೆ ಬಂದರು. ನನ್ನ ಪಾಠ ಅಲ್ಲಿಗೆ ಮುಗಿಯಿತು.

“ಸಾರ್,” ಅಂತು ಅವ್ವ ಇದ್ದಕ್ಕಿದ್ದಂತೆ, “ನನ್ನ ಮಗನ್ನ ಇನ್ನೊಂದು ವರ್ಷ ಇಟ್ಕಳ್ರಿ. ಅವನಿಗೆ ಆ ಮಕ್ಕಳ ಮೇಲೆ ಜೀವ ಐತೆ.”

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಟೀಚರಮ್ಮ ಬಿಡಲಿಲ್ಲ, ನನ್ನ ಬಾಯಿಂದಲೇ ಅದನ್ನು ಇಂಗ್ಲಿಷಿನಲ್ಲಿ ಹೇಳಿಸಿ ಹೆಡ್‌ಮಾಸ್ಟರಿಗೆ ಮುಟ್ಟಿಸಿದರು. ಹೆಡ್‌ಮಾಸ್ಟರು ಬೆರಗಾದರು. “ಅವರೇ ಬೇಡ ಅಂದರಲ್ಲ!”

ಅವ್ವ ನಕ್ಕಿತು. “ಎಷ್ಟು ಸಲ ಕೇಳಿದ್ರಿ?”

“ಒಂದು ಸಲ.”

“ಒಂದ್ಸಲಕ್ಕೆ ಯಾರಪ್ಪ ಒಪ್ತಾರೆ? ನಮ್ಮಲ್ಲಿ ಮೊದಲನೇ ಬೇಡ ಲೆಕ್ಕಕ್ಕೇ ಇಲ್ಲ. ಮೂರ್ ಸಲ ಕೇಳ್ಬೇಕು ಸಾರ್. ಈಗ ಕೇಳ್ರಿ, ನನ್ ಮುಂದೇನೇ ಕೇಳ್ರಿ.”

ಅಡುಗೆಯಮ್ಮನ ಸೌಟು ನನ್ನ ಕಣ್ಣ ಮುಂದೆ ಹಾದು ಹೋಯಿತು. ಹೆಡ್‌ಮಾಸ್ಟರು ಎದ್ದು ನಿಂತು, ಕೋಟು ಸರಿಮಾಡಿಕೊಂಡು, ಪೋಷಕರೆಲ್ಲರ ಎದುರು ಗಂಭೀರವಾಗಿ ಶುರುಮಾಡಿದರು: “ಇನ್ನೊಂದು ವರ್ಷ...”

“ಇರ್ತೀನಿ ಸರ್!” ಅಂದುಬಿಟ್ಟೆ.

ಮಕ್ಕಳು ಚಪ್ಪಾಳೆ ತಟ್ಟಿದರು. ಪರದೆಯ ಮೇಲೆ ಅವ್ವ ಹಣೆ ಚಚ್ಚಿಕೊಂಡಿತು. “ಥೂ ನಿನ್ನ, ಮಾನ ಕಳೆದ್ಯಲ್ಲೋ! ಎರಡ್ ಸಲನಾದ್ರೂ ಬೇಡ ಅನ್ಬಾರ್ದೇನೋ?”

“ಏನಂದರು ನಿಮ್ಮ ತಾಯಿ?” ಎಂದರು ಹೆಡ್‌ಮಾಸ್ಟರು.

“ಅದೆಲ್ಲ ಬೇಡ ಬಿಡಿ ಸರ್,” ಅಂದೆ.

ಅವರು ಎರಡನೇ ಸಲ ಕೇಳಿದರು. ಆಮೇಲೆ ಅವ್ವನ ಕಡೆ ನೋಡಿ, ಮೂರು ಬೆರಳೆತ್ತಿ, ಮೂರನೇ ಸಲವೂ ಕೇಳಿದರು.