ಲಂಡನ್ನಿನ ಹುಡುಗಿಗೆ ನಾನು ಹೇಳಿದ ಬುದ್ಧಿ

ನನಗೆ ಕೊಲೆಗಳೆಂದರೆ ಪ್ರಾಣ. ಅದೂ ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ನಡೆದ ಕೊಲೆಯಾದರೆ ಒಲೆಯ ಮೇಲಿನ ಸಾರು ಸೀದರೂ ಗೊತ್ತಾಗುವುದಿಲ್ಲ. ಆದರೆ ಆ ಪತ್ತೇದಾರಿ ಕಾದಂಬರಿಗಳ ನಾಯಕಿಯರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಕೊಲೆಗಾರ ಯಾರೆಂದು ಪೊಲೀಸರಿಗಿಂತ ಮೊದಲೇ ಅವಳಿಗೆ ಗೊತ್ತು. ಹಿಡಿಯಲು ಹೋಗಬೇಕೆಂದರೆ ಮಾತ್ರ ಅಪ್ಪ ಒಪ್ಪಬೇಕು, ಕೈಗವಸು ಸಿಗಬೇಕು, ಜೊತೆಗೊಬ್ಬ ಸೋದರತ್ತೆ ಬೇಕು. ಅಷ್ಟರಲ್ಲಿ ಇನ್ನೊಂದು ಹೆಣ ಬಿದ್ದಿರುತ್ತದೆ. "ಥೂ, ಬಾಗಿಲು ತೆಗೆದು ಹೊರಡೇ" ಎಂದು ಬಾಳೂರಿನ ನಮ್ಮ ಅಡುಗೆಮನೆಯಿಂದಲೇ ಎಷ್ಟು ಸಲ ಬೈದಿದ್ದೇನೋ.

ಪುಸ್ತಕಗಳು ಬರುತ್ತಿದ್ದದ್ದು ಪ್ಲಾಂಟರುಗಳ ಕ್ಲಬ್ಬಿನ ಲೈಬ್ರರಿಯಿಂದ. ಯಜಮಾನರು ಇಸ್ಪೀಟಿಗೆ ಹೋದಾಗ ತರುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಕಾದಂಬರಿಯೊಂದರ ಮೊದಲ ಭಾಗ ಮುಗಿಸಿ ಎರಡನೆಯದು ತನ್ನಿ ಎಂದರೆ, ಕಾಫಿಯ ಕಾಂಡಕೊರಕ ಹುಳುವಿನ ಪುಸ್ತಕ ತಂದರು. "ಇದ್ರಲ್ಲೂ ಕೊಲ್ಲೋದೇ ಕಣೇ" ಎಂದರು. ಇವರನ್ನು ನಂಬಿದರೆ ಕೊಲೆಗಾರ ಈ ಜನ್ಮದಲ್ಲಿ ಸಿಗುವುದಿಲ್ಲವೆಂದು ನಾನೇ ಜೀಪು ತೆಗೆದೆ. ಅತ್ತೆಯವರು ಜಗಲಿಯಿಂದ, "ಒಬ್ಳೇ ಹೋದ್ರೆ ಚೆಂದ ಕಾಣಲ್ಲ ಮಾರಾಯ್ತಿ, ಚಿಕ್ಕಮ್ಮನ್ನ ಕೂರಿಸ್ಕೊಂಡು ಹೋಗು" ಎಂದರು. ಯಜಮಾನರ ಚಿಕ್ಕಮ್ಮ ತಿರುವಿಗೊಮ್ಮೆ ನಿಂಬೆಹಣ್ಣು ಮೂಸುತ್ತ ಪಕ್ಕದಲ್ಲಿ ಕೂತರು. ಲಂಡನ್ನಿನ ಕಥೆ ಬೇರೆ, ನಮ್ಮದು ರಸ್ತೆ ಕೆಟ್ಟದ್ದು ಎಂದು ನಾನು ಸಮಾಧಾನ ಮಾಡಿಕೊಂಡೆ.

ಲೈಬ್ರರಿಯ ಕ್ಲಾರ್ಕು ಬಹಳ ಮರ್ಯಾದಸ್ಥ. "ಲೇಡೀಸ್‌ಗೆ ಬುಕ್ ಕೊಡೋ ಹಾಗಿಲ್ಲ ಮೇಡಂ. ಮೆಂಬರ್ ಸಾಹೇಬ್ರ ಸೈನ್ ಬೇಕು" ಎಂದ. ಎರಡನೆಯ ಭಾಗ ಅವನ ಬೆನ್ನ ಹಿಂದಿನ ಕಪಾಟಿನಲ್ಲೇ ಕೂತಿತ್ತು.

"ಮೇಲಿನ ತೋಟದ ಅಮ್ಮಾವ್ರು ವಾರವಾರ ಒಯ್ತಾರಲ್ಲ? ಅವ್ರ ಯಜಮಾನ್ರು ತೀರ್ಕೊಂಡು ಎಷ್ಟು ಕಾಲ ಆಯ್ತು?"

"ಅವ್ರು ಯಜಮಾನ್ರ ಸೈನೇ ಹಾಕ್ತಾರೆ ಮೇಡಂ. ನೀವೂ ಹಾಗೇ ಹಾಕಿ. ಎಲ್ರೂ ಹಾಕ್ತಾರೆ."

ಸತ್ತ ಗಂಡಸಿಗೆ ಪುಸ್ತಕ ಕೊಡಬಹುದು, ಎದುರಿಗೆ ನಿಂತ ಹೆಂಗಸಿಗೆ ಕೊಡುವಂತಿಲ್ಲ. ಈ ನಿಯಮ ಮಾಡಿದ ಕಮಿಟಿಯ ಬುದ್ಧಿಗೆ ಬೆಂಕಿ ಬೀಳ. ಸೆಕ್ರೆಟರಿಯನ್ನು ಕರೆಸುತ್ತೇನೆ, ನನ್ನ ಹೆಸರಿನಲ್ಲೇ ಪುಸ್ತಕ ಒಯ್ಯುತ್ತೇನೆ, ಇಲ್ಲದಿದ್ದರೆ ಇಲ್ಲಿಂದ ಕದಲುವುದಿಲ್ಲ ಎಂದು ಮಾತು ಜೋಡಿಸಿಕೊಂಡೆ. ಅಷ್ಟರಲ್ಲಿ ಅವನು ಪುಸ್ತಕ ತೆಗೆದು, ಧೂಳು ಒರೆಸಿ, ಮೇಜಿನ ಮೇಲಿಟ್ಟ. ನಾನು ಯಜಮಾನರ ಸಹಿಯನ್ನು ಬಾಲದ ಸಮೇತ ಗೀಚಿದೆ.

ಅವನು ಅದನ್ನು ಓರೆಯಾಗಿ ನೋಡಿ, "ಸಾಹೇಬ್ರು ಹಾಕೋದಕ್ಕಿಂತ ಚೆನ್ನಾಗಿದೆ ಮೇಡಂ" ಎಂದ.

ನಾನು "ಹೌದಾ?" ಎಂದು ಹಿಗ್ಗಿ, ಥ್ಯಾಂಕ್ಸ್ ಬೇರೆ ಹೇಳಿ ಬಂದೆ.