ನೆಟ್ಟಗಾದ ಪೀಸಾ ಗೋಪುರ

ಕೆಟ್ಟದ್ದು ಮಾಡುವವರಿಂದ ಆಗುವ ತೊಂದರೆಗೆ ಪೊಲೀಸರಿದ್ದಾರೆ, ಕೋರ್ಟು ಇದೆ. ಒಳ್ಳೆಯದು ಮಾಡಹೊರಟ ಭಾವಮೈದುನನಿಂದ ಆಗುವ ತೊಂದರೆಗೆ ಎಲ್ಲಿ ದೂರು ಕೊಡಬೇಕೋ ಈವರೆಗೆ ಯಾರೂ ಹೇಳಿಲ್ಲ. ಲೋಕಸಂಚಾರಿಗಳಿಗೂ ಅದು ಗೊತ್ತಿರಲಿಲ್ಲ.

ಲೋಕಸಂಚಾರಿ ಎಂಬುದು ಬೀದಿಯವರು ಇಟ್ಟ ಹೆಸರು. ಮನುಷ್ಯ ಊರಿನ ಗಡಿ ದಾಟಿದ್ದೇ ಅಪರೂಪ. ಆದರೆ ಅವರು ನಗರಸಭೆಯ 'ವಿಶ್ವದರ್ಶನ ಉದ್ಯಾನ'ದ ಮೇಲ್ವಿಚಾರಕರು. ಲೋಕದ ದೊಡ್ಡ ದೊಡ್ಡ ಕಟ್ಟಡಗಳೆಲ್ಲ ಅಲ್ಲಿ ಎರಡಾಳೆತ್ತರಕ್ಕೆ ಕುಗ್ಗಿ ನಿಂತಿದ್ದವು. ಉದ್ಯಾನದ ಹಿಂದಿನ ಕ್ವಾರ್ಟರ್ಸಿನಲ್ಲೇ ಮನೆ. ಬೆಳಗ್ಗೆ ಹಲ್ಲುಜ್ಜುತ್ತ ಈಜಿಪ್ಟಿನಿಂದ ಹೊರಟರೆ ಬಾಯಿ ಮುಕ್ಕಳಿಸುವ ಹೊತ್ತಿಗೆ ಪ್ಯಾರಿಸ್ಸಿನಲ್ಲಿರುತ್ತಿದ್ದರು.

ಒಂದು ಕಾಲವಿತ್ತು. ಶಾಲೆಯ ಮಕ್ಕಳು ಒಬ್ಬರ ಅಂಗಿಯನ್ನು ಇನ್ನೊಬ್ಬರು ಹಿಡಿದುಕೊಂಡು ಸಾಲಾಗಿ ಬರುತ್ತಿದ್ದರು. ಹೊಸದಾಗಿ ಮದುವೆಯಾದವರು ತಾಜ್ ಮಹಲಿನ ಮುಂದೆ ನಿಂತು ನಾಚಿಕೊಳ್ಳುತ್ತಿದ್ದರು. ಈಗ ಚೀನಾದ ಗೋಡೆಯ ಮೇಲೆ ಹಲ್ಲಿಗಳು ಬಿಸಿಲು ಕಾಯಿಸಿಕೊಳ್ಳುತ್ತವೆ. ಇಷ್ಟು ಜಾಗ ಸುಮ್ಮನೆ ಬಿದ್ದಿದೆ, ಎಲ್ಲ ಕೆಡವಿ ವಾಹನ ನಿಲ್ಲಿಸಲು ಕೊಡೋಣ ಎಂದು ನಗರಸಭೆಯಲ್ಲಿ ಮಾತು ಎದ್ದಿತ್ತು. ಅದನ್ನು ತೀರ್ಮಾನಿಸಲು, ಕಟ್ಟಡಶಾಸ್ತ್ರ ಓದಿದ ಅಧಿಕಾರಿಯೊಬ್ಬರು ಆ ದಿನ ಮಧ್ಯಾಹ್ನ ಬರುವವರಿದ್ದರು. ಅವರು ಇರಲಿ ಅಂದರೆ ಇರುತ್ತದೆ, ಬೇಡ ಅಂದರೆ ನಾಳೆಯೇ ಯಂತ್ರ ಬರುತ್ತದೆ. ಲೋಕಸಂಚಾರಿಗಳು ನೀರಿನ ತೆರಿಗೆ ವಿಭಾಗದ ಯಾವುದೋ ಕಿಟಕಿಯ ಹಿಂದೆ ಕೂರಬೇಕಾಗುತ್ತದೆ.

ಹಾಗಾಗಿ ಬೆಳಗ್ಗೆಯೇ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವರು ಗೇಟು ತೆರೆದರು. ಪಿರಮಿಡ್ಡು ಇತ್ತು. ಐಫೆಲ್ ಗೋಪುರ ಇತ್ತು. ರೋಮಿನ ಕೊಲೊಸಿಯಂ ಮುರಿಯಬೇಕಾದ ಕಡೆ ಮುರಿದುಕೊಂಡೇ ಇತ್ತು. ಆದರೂ ಏನೋ ಸರಿಯಿಲ್ಲ ಅನ್ನಿಸಿತು. ಬಲಕ್ಕೆ ತಿರುಗಿದರು. ಪೀಸಾದ ವಾಲುಗೋಪುರ ಪ್ರಾರ್ಥನೆಗೆ ನಿಂತ ಶಾಲೆಯ ಹುಡುಗನಂತೆ ನೆಟ್ಟಗೆ ನಿಂತಿತ್ತು.

ಪಕ್ಕದಲ್ಲಿ ಭಾವಮೈದುನ ಕೈ ಒರೆಸಿಕೊಳ್ಳುತ್ತಿದ್ದ. ಅವನು ಮನೆ ಕಟ್ಟಿಸುವ ಮೇಸ್ತ್ರಿ.

"ಹೇಗಿದೆ ಭಾವ?"

"ಏನಯ್ಯ ಮಾಡಿದೆ ಇದಕ್ಕೆ?"

"'ನಿಮ್ಮಪ್ಪ ಕಟ್ಟಿದ್ದು ಸೊಟ್ಟಗಿದೆಯಲ್ಲ' ಅಂತ ಜನ ನನ್ನ ಕೇಳಿ ಕೇಳಿ ನನ್ನ ಮಾನ ಹೋಗಿತ್ತು. ಇವತ್ತು ದೊಡ್ಡೋರು ನೋಡೋಕೆ ಬರ್ತಾರೆ ಅಂತ ಮನೇಲಿ ಅಕ್ಕ ಹೇಳಿದ್ಲು. ನೀವು ಕ್ಷೌರಕ್ಕೆ ಹೋದಾಗ ಹಿತ್ತಲ ಗೇಟಿಂದ ಆಳುಗಳನ್ನ ಕರ್ಕೊಂಡು ಬಂದು ಬುಡಕ್ಕೆ ಲಾರಿ ಜಾಕು ಕೊಟ್ಟು ಎತ್ತಿಸಿದೆ. ಕೆಳಗೆ ಜಲ್ಲಿ, ಮಣ್ಣು ತುಂಬಿ, ಗುದ್ದಿ ಗಟ್ಟಿಯಾಗಿ ದಮ್ಮಸ್ಸು ಮಾಡಿದ್ದೀನಿ. ತೂಗುಗುಂಡು ಬಿಟ್ಟು ನೋಡಿ ಬೇಕಾದ್ರೆ, ಕೂದಲೆಳೆ ಆಚೆ ಈಚೆ ಇಲ್ಲ."

"ಅದು ವಾಲಿರೋದಕ್ಕೇ ಕಣೋ ಹೆಸರಾಗಿರೋದು. ಅಲ್ಲಿನ ನೆಲ ಮೆತ್ತಗಿತ್ತು, ಮೂರನೇ ಅಂತಸ್ತು ಏಳೋ ಹೊತ್ತಿಗೇ ವಾಲೋಕೆ ಶುರುವಾಯ್ತು. ಕಟ್ಟಿ ಮುಗಿಸೋಕೆ ಹೆಚ್ಚುಕಮ್ಮಿ ಇನ್ನೂರು ವರ್ಷ ಹಿಡೀತು."

"ಇನ್ನೂರು ವರ್ಷ ಹಿಡಿಸಿದವರ ಕೆಲಸ ಇನ್ನೇನಾಗಿರುತ್ತೆ ಭಾವ? ಅವರು ಕೆಟ್ಟದಾಗಿ ಕಟ್ಟಿದ್ರು ಅಂತ ನಮ್ಮಪ್ಪನೂ ಕೆಟ್ಟದಾಗಿ ಕಟ್ಟಬೇಕಾ? ಅವರಿಗೆ ಸರಿ ಮಾಡೋರು ಸಿಕ್ಕಿಲ್ಲ, ನಮಗೆ ಸಿಕ್ಕಿದ್ದಾರೆ."

ಲೋಕಸಂಚಾರಿಗಳು ಕಲ್ಲುಬೆಂಚಿನ ಮೇಲೆ ಕುಸಿದರು. ಈ ಇಡೀ ಉದ್ಯಾನವನ್ನು ಕಟ್ಟಿದವರು ಅವರ ಮಾವ, ಹಿರಿಯ ಮೇಸ್ತ್ರಿ. ಮಾವನಿಗೆ ಓದಲು ಬರುತ್ತಿರಲಿಲ್ಲ. ಆಗ ಹೊಸ ಗುಮಾಸ್ತರಾಗಿದ್ದ ಲೋಕಸಂಚಾರಿಗಳು ಬಿಸಿಲಲ್ಲಿ ಚಿತ್ರದ ಪುಸ್ತಕ ಬಿಡಿಸಿ ಹಿಡಿದು ಓದುವುದು, ಮಾವ ಇಟ್ಟಿಗೆ ಇಡುವುದು. ಹಾಗೆ ವರ್ಷಗಟ್ಟಲೆ ನಡೆದಿತ್ತು. ಮಗಳು ಅಪ್ಪನಿಗೆ ಬುತ್ತಿ ತರುತ್ತಿದ್ದಳು. ಒಂದು ದಿನ ಗುಮಾಸ್ತರು ಧೈರ್ಯ ಮಾಡಿ, "ಇದು ತಾಜ್ ಮಹಲು. ಬಾದಶಹ ತೀರಿಕೊಂಡ ಹೆಂಡತಿಗಾಗಿ ಕಟ್ಟಿಸಿದ್ದು" ಎಂದು ವಿವರಿಸಿದ್ದರು. ಅವಳು ಸ್ವಲ್ಪ ಹೊತ್ತು ನೋಡಿ, "ಬದುಕಿದ್ದಾಗ ಏನು ಕಟ್ಟಿಸಿಕೊಟ್ಟಿದ್ದ?" ಎಂದು ಕೇಳಿದಳು. ಅದಕ್ಕೆ ಉತ್ತರ ಹೊಳೆಯದೆ ಅವರು ಅವಳನ್ನೇ ಮದುವೆಯಾದರು.

ಪೀಸಾ ಕಟ್ಟುವಾಗ ಮಾವ ಊಟ ನಿದ್ದೆ ಬಿಟ್ಟಿದ್ದರು. "ನೆಟ್ಟಗೆ ಕಟ್ಟೋದು ಯಾವ ಮೇಸ್ತ್ರಿಗಾದ್ರೂ ಬರುತ್ತೆ ಅಳಿಯಂದ್ರೇ. ಬೀಳದ ಹಾಗೆ ವಾಲಿಸಿ ಕಟ್ಟೋದಿದೆಯಲ್ಲ, ಅದಕ್ಕೆ ಎದೆ ಬೇಕು" ಎಂದಿದ್ದರು. ಆ ಮಾತು ಲೋಕಸಂಚಾರಿಗಳಿಗೆ ಈಗ ನೆನಪಾಯಿತು. ಮಾವನ ಜೀವಮಾನದ ಸಾಹಸವನ್ನು ಮಗ ಬೆಳಗಿನ ಒಂದು ಲೋಟ ಚಹಾದ ಹೊತ್ತಿನಲ್ಲಿ ಅಳಿಸಿಹಾಕಿದ್ದ. ಅದೂ ಪಿತೃಭಕ್ತಿಯಿಂದ.

"ಸರಿ, ಆಗಿದ್ದಾಯ್ತು. ಜಾಕು ತಗೊಂಡು ಬಾ, ಇದ್ದ ಹಾಗೆ ಮಾಡು" ಎಂದರು.

"ಜಾಕು ಲಾರಿ ಜೊತೆ ಹೋಯ್ತು ಭಾವ. ಲಾರಿ ಪರಸ್ಥಳದ ಬಾಡಿಗೆಗೆ ಹೋಗಿದೆ."

ಅಷ್ಟರಲ್ಲಿ ಎಲ್ಲರೂ 'ಟಿಕೆಟ್ ಅಕ್ಕ' ಎಂದೇ ಕರೆಯುವ, ಟಿಕೆಟ್ ಕೊಡುವ ಹೆಂಗಸು ಕಿಟಕಿ ಮುಚ್ಚಿ ಬಂದಳು. ಟಿಕೆಟ್ ಕೇಳುವವರು ಯಾರೂ ಇಲ್ಲದ್ದರಿಂದ ಅವಳಿಗೆ ಎಲ್ಲದರಲ್ಲೂ ಅಭಿಪ್ರಾಯವಿತ್ತು. ಮುದಿ ಮಾಲಿಯೂ ಬಂದ. ನಾಲ್ವರೂ ಸೇರಿ ಗೋಪುರವನ್ನು ನೂಕಿದರು. ಅದು ಜಪ್ಪಯ್ಯ ಅಂದರೂ ಕದಲಲಿಲ್ಲ. ಭಾವಮೈದುನನ ಮುಖದಲ್ಲಿ ತನ್ನ ಕೆಲಸದ ಬಗ್ಗೆ ಹೆಮ್ಮೆ ಕಂಡಿತು.

"ಹಗ್ಗ ಕಟ್ಟಿ ಎಳೀಬೇಕು ಸಾರ್" ಎಂದಳು ಅಕ್ಕ.

ಗೋಪುರದ ಕುತ್ತಿಗೆಗೆ ಹಗ್ಗ ಬಿಗಿದರು. ಇನ್ನೊಂದು ತುದಿಯನ್ನು ಐಫೆಲ್ಲಿನ ಕಾಲಿಗೆ ಸುತ್ತಿ, ನಡುವೆ ಹಾರೆ ತೂರಿಸಿ ತಿರುಚುತ್ತ ಹೋದರು. ಹಗ್ಗ ಬಿಗಿಯಾಯಿತು, ಕಿರಗುಟ್ಟಿತು. ಕೊನೆಗೂ ಒಂದು ಗೋಪುರ ಮೆಲ್ಲಗೆ ವಾಲಿತು.

"ಸಾರ್, ವಾಲ್ತಿರೋದು ಪ್ಯಾರಿಸ್ಸು" ಎಂದ ಮಾಲಿ.

ಹಗ್ಗ ಬಿಚ್ಚಿ, ಐಫೆಲ್ಲನ್ನು ಬೆನ್ನು ಕೊಟ್ಟು ಹಿಂದಕ್ಕೆ ಒತ್ತುವಷ್ಟರಲ್ಲಿ ಲೋಕಸಂಚಾರಿಗಳ ಇಸ್ತ್ರಿ ಅಂಗಿ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಆದರೂ ತುದಿ ಕೊಂಚ ಸೊಟ್ಟಗೇ ಉಳಿಯಿತು. ಅಕ್ಕ ಅದಕ್ಕೊಂದು ಬಣ್ಣದ ಬಾವುಟ ಕಟ್ಟಿ ಮರೆಮಾಡಿದಳು.

ಸುದ್ದಿ ಗಾಳಿಗಿಂತ ಬೇಗ ಹೋಯಿತು. ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಬಂದರು. ಜೀವಮಾನವಿಡೀ ಮಕ್ಕಳಿಗೆ ನೆಟ್ಟಗೆ ನಿಲ್ಲಲು ಹೇಳಿದವರಾದ್ದರಿಂದ ಅವರಿಗೆ ಗೋಪುರ ಬಹಳ ಹಿಡಿಸಿತು. ವಿಷಯ ತಿಳಿದ ಮೇಲೆ, "ಗೋಪುರ ಬಗ್ಗಲಿಲ್ಲ ಅಂದ್ರೆ ಅಧಿಕಾರಿಯನ್ನೇ ಬಗ್ಗಿಸಿ. ಒಂದು ಕಾಲು ಗಿಡ್ಡ ಇರೋ ಕುರ್ಚಿ ನಮ್ಮ ಮನೇಲಿದೆ. ಅದರ ಮೇಲೆ ಕೂರಿಸಿದ್ರೆ ಎಲ್ಲ ವಾಲಿದ ಹಾಗೇ ಕಾಣುತ್ತೆ" ಎಂದು ಹೇಳಿ, ಕುರ್ಚಿ ತರಲು ಹೋದರು.

ಈ ಮಾತು ಮಾಲಿಯ ತಲೆಗೆ ಹೊಕ್ಕಿತು. ಅವನು ಕತ್ತರಿ ತೆಗೆದುಕೊಂಡು ಗೋಪುರದ ಸುತ್ತಲಿನ ಬೇಲಿಗಿಡಗಳನ್ನೆಲ್ಲ ಒಂದೇ ಕಡೆಗೆ ಇಳಿಜಾರಾಗಿ ಕತ್ತರಿಸುತ್ತ ಬಂದ. "ಸುತ್ತಲಿನದು ವಾಲಿದ್ರೆ ಮಧ್ಯದ್ದೇ ವಾಲಿದ ಹಾಗೆ ಕಾಣುತ್ತೆ ಸಾರ್" ಎಂದ. ಮುಗಿದ ಮೇಲೆ ನೋಡಿದರೆ ಗಿಡಗಳೆಲ್ಲ ಬಿರುಗಾಳಿಗೆ ಸಿಕ್ಕಂತಿದ್ದವು. ಗೋಪುರ ಮಾತ್ರ ಇನ್ನಷ್ಟು ನೆಟ್ಟಗೆ ಕಾಣುತ್ತಿತ್ತು.

ಉಳಿದದ್ದು ಒಂದೇ ದಾರಿ. "ಮಣ್ಣು ತುಂಬಿ ಎತ್ತಿದ್ದೀಯ ತಾನೆ? ಆ ಮಣ್ಣನ್ನೇ ಕರಗಿಸೋಣ" ಎಂದರು ಲೋಕಸಂಚಾರಿಗಳು. ವಾಲಬೇಕಾದ ಕಡೆ ಬುಡದಲ್ಲಿ ಗುಂಡಿ ತೋಡಿದರು. ತೋಟದ ಎರಡೂ ಪೈಪುಗಳನ್ನು ಅದಕ್ಕೆ ಬಿಟ್ಟರು. ಗುಂಡಿ ತುಂಬಿತು, ಇಂಗಿತು, ಮತ್ತೆ ತುಂಬಿತು. ಗೋಪುರ ಕದಲಲಿಲ್ಲ.

"ನನ್ನ ದಮ್ಮಸ್ಸು ಭಾವ" ಎಂದ ಭಾವಮೈದುನ ವಿನಯದಿಂದ.

ಗೇಟಿನಲ್ಲಿ ಕಾರು ನಿಂತ ಸದ್ದಾಯಿತು. ಹೇಳಿದ ಹೊತ್ತಿಗಿಂತ ಮೊದಲೇ ಬರುವ ಅಧಿಕಾರಿಯನ್ನು ಅವರು ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ. ಪೈಪಿನ ಸಮೇತ ಗುಂಡಿಯ ಮೇಲೆ ಗೋಣಿ ಹಾಸಿ, ಅದರ ಮೇಲೆ ಹುಲ್ಲು ಹರಡಿ, ಎರಡು ಹೂಕುಂಡ ಇಟ್ಟು ಓಡಿದರು.

ಅಧಿಕಾರಿ ನಡುವಯಸ್ಸಿನ ಹೆಂಗಸು. ಮಾತು ಕಡಿಮೆ. ಲೋಕಸಂಚಾರಿಗಳು ತುಕ್ಕಿನ ಅಂಗಿ, ಕೆಸರಿನ ಕಾಲಲ್ಲೇ ವಿವರಿಸತೊಡಗಿದರು. ಪೀಸಾ ತಲುಪುವುದು ಆದಷ್ಟು ತಡವಾಗಲಿ ಎಂದು ಪ್ರತಿ ಕಲ್ಲಿಗೂ ಒಂದು ಕತೆ ಹೇಳಿದರು. ರೋಮಿನ ಕೊಲೊಸಿಯಂ ಅರ್ಧ ಮಾಯವಾದದ್ದು ಭೂಕಂಪದಿಂದ ಮಾತ್ರವಲ್ಲ, ಊರಿನವರೇ ಕಲ್ಲು ಕಿತ್ತು ತಮ್ಮ ಕಟ್ಟಡಗಳಿಗೆ ಒಯ್ದರು ಎಂದರು. ಐಫೆಲ್ಲಿನ ಮುಂದೆ ನಿಂತು, "ಇಪ್ಪತ್ತು ವರ್ಷ ಆದ ಮೇಲೆ ಕಿತ್ತುಹಾಕೋದು ಅಂತಲೇ ಕಟ್ಟಿದ್ದು ಮೇಡಂ. ರೇಡಿಯೋ ಸಂದೇಶಕ್ಕೆ ಉಪಯೋಗಕ್ಕೆ ಬಂತು ಅಂತ ಉಳಿಸಿಕೊಂಡರು. ಕಿತ್ತುಹಾಕಿದ್ದಿದ್ರೆ ಈಗ ಎಷ್ಟು ಮರುಗ್ತಿದ್ರೋ" ಎಂದರು. ಅಧಿಕಾರಿ ಬಾವುಟವನ್ನು ನೋಡಿ ಮುಂದೆ ನಡೆದರು.

ಕೊನೆಗೆ ಪೀಸಾ ಬಂದೇ ಬಂತು. ಡ್ರಿಲ್ ಮೇಷ್ಟ್ರು ಕುಂಟು ಕುರ್ಚಿ ಮುಂದಿಟ್ಟರು. ಅಧಿಕಾರಿ ಕೂರಲಿಲ್ಲ. ಗೋಪುರವನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ಲೋಕಸಂಚಾರಿಗಳು ಕಣ್ಣು ಮುಚ್ಚಿಕೊಂಡರು.

"ಇದು ವಾಲಿರಬೇಕಲ್ಲವಾ?" ಎಂಬ ಪ್ರಶ್ನೆ ಬಂತು.

"ಇತ್ತು ಮೇಡಂ" ಎಂದ ಭಾವಮೈದುನ ಮುಂದೆ ಬಂದು. "ನಮ್ಮಪ್ಪ ಕಟ್ಟಿದ್ದು. ನಾನೇ ಇವತ್ತು ಸರಿ ಮಾಡ್ದೆ."

ಲೋಕಸಂಚಾರಿಗಳಿಗೆ ನೀರಿನ ತೆರಿಗೆಯ ಕಿಟಕಿ ಕಣ್ಣಿಗೆ ಕಟ್ಟಿತು. ಆದರೆ ಬೈಗುಳ ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಚಿಕ್ಕವಳಿದ್ದಾಗ ಅಪ್ಪ ಇಲ್ಲಿಗೆ ಕರ್ಕೊಂಡು ಬಂದಿದ್ರು. ಇದು ನನ್ನ ಮೇಲೆ ಬೀಳುತ್ತೆ ಅಂತ ಹೆದರಿ ಎಷ್ಟು ಅತ್ತಿದ್ದೆ ಅಂದ್ರೆ, ಬೇರೆ ಏನೂ ನೋಡದೆ ವಾಪಸ್ ಹೋದ್ವಿ. ಅಳಬೇಡ, ನೀನು ದೊಡ್ಡವಳಾಗೋ ಹೊತ್ತಿಗೆ ಯಾರಾದ್ರೂ ನೆಟ್ಟಗೆ ಮಾಡಿರ್ತಾರೆ, ಆಗ ಮತ್ತೆ ಬರೋಣ ಅಂದಿದ್ರು ಅಪ್ಪ. ನಾನು ಕಟ್ಟಡಶಾಸ್ತ್ರ ಓದಿದ್ದೇ ಆ ಹೆದರಿಕೆಯಿಂದ. ಪ್ರಪಂಚದಲ್ಲಿ ಇದರ ವಾಲಿದ ಪ್ರತಿಗಳು ಎಷ್ಟೋ ಇವೆ. ನೆಟ್ಟಗಿರೋದು ಇದೊಂದೇ ಇರಬೇಕು."

ಮಾಲಿ ಕತ್ತರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಉದ್ಯಾನ ಉಳಿಯುತ್ತೆ" ಎಂದರು ಅಧಿಕಾರಿ. "ನಾನು ಹಾಗೇ ಬರೀತೀನಿ. ಅಪ್ಪನಿಗೆ ಈಗ ನಡೆಯೋಕೂ ಆಗಲ್ಲ, ಆದ್ರೂ ಭಾನುವಾರ ಕರ್ಕೊಂಡು ಬರ್ತೀನಿ. ಅವರು ಇದನ್ನ ನೋಡಿದ ಮೇಲೇ ನನ್ನ ಸಹಿ. ಅಲ್ಲಿಯವರೆಗೆ ಇದು ಹೀಗೇ ನಿಂತಿರಬೇಕು. ಒಂದು ಬೆರಳಿನಷ್ಟು ವಾಲಿದ್ರೂ ನೀವು ಇದನ್ನ ಕಾಪಾಡೋ ಯೋಗ್ಯತೆಯವರಲ್ಲ ಅಂದ್ಕೋತೀನಿ. ಜವಾಬ್ದಾರಿ ನಿಮ್ಮದು."

ಕಾರು ಹೊರಟುಹೋಯಿತು. ತಲೆಗೆ ಬಂದದ್ದು ಪೇಟಕ್ಕೆ ಹೋಯಿತು ಎಂದು ಲೋಕಸಂಚಾರಿಗಳು ನಿಟ್ಟುಸಿರು ಬಿಟ್ಟರು. ಮಾವ ವಾಲಿಸಿ ಕಟ್ಟಿದ್ದು, ಮಗ ನೆಟ್ಟಗೆ ಮಾಡಿದ್ದು, ಎರಡೂ ಒಳ್ಳೆಯದಕ್ಕೇ ಆಯಿತು ಅನ್ನಿಸಿ ಅವರ ಕಣ್ಣೂ ಒದ್ದೆಯಾಯಿತು. ಭಾವಮೈದುನನ ಬೆನ್ನು ತಟ್ಟಿದರು. ಮದುವೆಯಾದಂದಿನಿಂದ ಅದು ಮೊದಲ ಸಲ.

"ಸಾರ್," ಎಂದಳು ಟಿಕೆಟ್ ಅಕ್ಕ, "ಆ ಪೈಪಿನ ನಲ್ಲಿ ಯಾರಾದ್ರೂ ನಿಲ್ಲಿಸಿದ್ರಾ?"

ಎಲ್ಲರೂ ಗೋಪುರದ ಬುಡದ ಕಡೆ ತಿರುಗಿದರು. ಹೂಕುಂಡಗಳೆರಡೂ ಕಾಣೆಯಾಗಿದ್ದವು. ಅವು ಇದ್ದ ಕಡೆ ನೆಲ ಗುಳುಗುಳು ಅಂದಿತು. ದಮ್ಮಸ್ಸಿನ ಮಣ್ಣು ಗಂಜಿಯಾಗಿ ಹೊರಗೆ ಹರಿಯಿತು. ಬೆಳಗ್ಗೆಯಿಂದ ನಾಲ್ಕು ಜನ ನೂಕಿದರೂ ಮಿಸುಕದ ಗೋಪುರ, ಊಟ ಮುಗಿಸಿದ ಯಜಮಾನ ದಿಂಬಿಗೆ ಒರಗುವಂತೆ ನಿಧಾನವಾಗಿ ತನ್ನ ಹಳೆಯ ಕಡೆಗೆ ಒರಗತೊಡಗಿತು.

ಲೋಕಸಂಚಾರಿಗಳು ಓಡಿಹೋಗಿ ಎರಡೂ ಕೈ ಚಾಚಿ ಅದಕ್ಕೆ ಆತುಕೊಂಡರು. ಕೈಯಲ್ಲಿ ಕೈಯಿಟ್ಟಷ್ಟು ಹಗುರವಾಗಿ ಅದು ನಿಂತಿತು. ಕೈ ತೆಗೆಯಲು ನೋಡಿದರೆ ಮತ್ತೆ ಮೈಮೇಲೆ ವಾಲಿ ಬಂತು.

"ಜಾಕು" ಎಂದರು ಅವರು.

"ಲಾರಿ ಬರೋದು ಸೋಮವಾರ ಭಾವ."

ಮಾಲಿ ನಲ್ಲಿ ನಿಲ್ಲಿಸಲು ಓಡಿದ. ಟಿಕೆಟ್ ಅಕ್ಕ ಆಸರೆ ಕೊಡಲು ಮರ ಹುಡುಕಿ ತಂದಳು, ತಂದದ್ದೆಲ್ಲ ಕೆಸರಿನಲ್ಲಿ ಜಾರಿತು. ಸಂಜೆಯ ಹೊತ್ತಿಗೆ ಅಪರೂಪಕ್ಕೆ ಒಂದು ಸಂಸಾರ ಒಳಗೆ ಬಂತು. ಗಂಡ ಲೋಕಸಂಚಾರಿಗಳನ್ನು ಕಂಡು ಮೆಚ್ಚಿ ಫೋನು ತೆಗೆದ.

"ನೋಡೇ, ಗೋಪುರಾನ ಕೈಯಲ್ಲಿ ಹಿಡಿದ ಹಾಗೆ ಎಷ್ಟು ಚೆನ್ನಾಗಿ ನಿಂತಿದ್ದಾರೆ. ಇಟಲೀಲಿ ಎಲ್ಲರೂ ಹೀಗೆ ಫೋಟೋ ತೆಗೆಸ್ಕೋತಾರೆ, ಆದ್ರೆ ಇವರ ಮುಖದಲ್ಲಿ ಭಾರ ಕಾಣುತ್ತೆ. ಸಾರ್, ಸ್ವಲ್ಪ ನಗಿ."

ಲೋಕಸಂಚಾರಿಗಳು ನಕ್ಕರು. ಅಷ್ಟರಲ್ಲಿ ಹಿತ್ತಲ ಗೇಟಿನಿಂದ ಹೆಂಡತಿಯ ದನಿ ಬಂತು. "ರೀ, ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿಲ್ಲ. ಊಟಕ್ಕೆ ಯಾವಾಗ ಬರ್ತೀರಿ?"

"ಭಾನುವಾರ" ಎಂದರು ಲೋಕಸಂಚಾರಿಗಳು.