ಶನಿಗ್ರಹದ ಸೊಸೆ ನಮ್ಮ ಮನೆಗೆ ಬಂದದ್ದು

ಕೆಲಸ ಇಷ್ಟೇ ಇತ್ತು. ಭಾನುವಾರ ಬೆಳಿಗ್ಗೆ ಗೋಕಾಕದಲ್ಲಿ ಬಸ್ಸು ಹತ್ತುವುದು, ಮೂಡಲಗಿಯಲ್ಲಿ ಇಳಿದು ಟಂಟಂ ಆಟೋ ಹಿಡಿದು ಮಸಗುಪ್ಪಿಗೆ ಹೋಗುವುದು, ಒಂದು ಪುಸ್ತಕ ತೆಗೆದುಕೊಳ್ಳುವುದು, ತಿರುಗಿ ಬರುವುದು.

"ಬಿಸಿ ರೊಟ್ಟಿ ಮಾಡಿಡು, ಒಂದಕ್ಕ ಬಂದ ಬಿಡ್ತೇನಿ" ಎಂದು ಹೆಂಡತಿ ಶಕುಂತಲಾಗೆ ಹೇಳಿ ಹೊರಟೆ.

ಪುಸ್ತಕ ಕೈಗೆ ಬಂದದ್ದು ಒಂದು ತಿಂಗಳ ನಂತರ. ರೊಟ್ಟಿಯ ಗತಿ ಏನಾಯಿತೋ ಕೇಳಲಿಲ್ಲ.

ನನ್ನ ಕಾಯಿಲೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಅದು ಹೊಟ್ಟೆಪಾಡು. ಉಳಿದ ವೇಳೆಯಲ್ಲಿ, ಹಿಂದೊಂದು ಕಾಲಕ್ಕೆ ಗ್ರಹಗಳ ಮೇಲೆ, ಮಾತಾಡುವ ಗುಡ್ಡಗಳ ಮೇಲೆ, ಹಾರುವ ಊರುಗಳ ಮೇಲೆ ಕಾದಂಬರಿ ಬರೆದ ಒಬ್ಬ ಹಳೆಯ ಲೇಖಕರ ಮೊದಲ ಮುದ್ರಣಗಳನ್ನು ಸಂಗ್ರಹಿಸುತ್ತೇನೆ. ಅವರ ಹೆಸರು ಹೇಳಿದರೂ ಈಗ ಯಾರಿಗೂ ಗೊತ್ತಾಗುವುದಿಲ್ಲ, ಆದ್ದರಿಂದ ಹೇಳುವ ಶ್ರಮ ಬಿಟ್ಟಿದ್ದೇನೆ. ಅವರು ಬರೆದದ್ದು ಹನ್ನೆರಡು ಕಾದಂಬರಿ. ಇಪ್ಪತ್ತೆರಡು ವರ್ಷ ಅಲೆದು ನಾನು ಸಂಪಾದಿಸಿದ್ದು ಹನ್ನೊಂದು.

ಮೊದಲ ಮುದ್ರಣವೇ ಆಗಬೇಕು! "ಎರಡನೇ ಮುದ್ರಣದಾಗೂ ಅದ ಕಥಿ ಇರ್ತೈತಲ್ರಿ?" ಎಂದು ಶಕುಂತಲಾ ಮದುವೆಯಾದ ಹೊಸದರಲ್ಲಿ ಕೇಳಿದ್ದಳು. ಆ ಪ್ರಶ್ನೆಗೆ ನಾನು ಅರ್ಧ ತಾಸು ಉತ್ತರ ಕೊಟ್ಟೆ. ಆಮೇಲೆ ಅವಳು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಇನ್ನೊಂದು ಗುಟ್ಟು ಉಳಿದಿದೆ. ಆ ಹನ್ನೊಂದರಲ್ಲಿ ಒಂದನ್ನೂ ನಾನು ಓದಿಲ್ಲ. ಓದಬೇಕೆಂದರೆ ತೆರೆಯಬೇಕು. ತೆರೆದರೆ ಹಳೆಯ ಪುಸ್ತಕದ ಬೆನ್ನು ಬಿರಿಯುತ್ತದೆ, ಅಂಟು ಬಿಡುತ್ತದೆ, ಹಾಳೆ ಉದುರುತ್ತವೆ. ಪುಸ್ತಕದ ಮೇಲೆ ಇಷ್ಟು ಪ್ರೀತಿ ಇರುವವನು ಅದನ್ನು ಓದಲು ಹೇಗೆ ಸಾಧ್ಯ?

ಸಿಗದೆ ಉಳಿದದ್ದು 'ಶನಿಗ್ರಹದ ಸೊಸೆ'. ಅದರ ಮೊದಲ ಮುದ್ರಣಕ್ಕೆ ಒಂದು ಗುರುತಿದೆ. ಛಾಪಖಾನೆಯವರ ಕಣ್ತಪ್ಪಿನಿಂದ ರಟ್ಟಿನ ಮೇಲಿನ ರಾಕೆಟ್ಟು ತಲೆಕೆಳಗಾಗಿ ಅಚ್ಚಾಗಿದೆ, ಮೂತಿ ನೆಲಕ್ಕೆ, ಬೆಂಕಿ ಆಕಾಶಕ್ಕೆ. ಎರಡನೆಯ ಮುದ್ರಣದಲ್ಲಿ ಸರಿಪಡಿಸಿ ಅದರ ಬೆಲೆ ಕಳೆದರು. ಈ ತಲೆಕೆಳಗಿನ ರಾಕೆಟ್ಟಿಗಾಗಿ ನಾನು ಅಂಕಲಗಿಯಲ್ಲಿ ಒಬ್ಬರ ಅಟ್ಟ ಹತ್ತಿ ಮೊಣಕಾಲು ಕೆಡಿಸಿಕೊಂಡಿದ್ದೇನೆ. ಹತ್ತರಗಿಯ ಹೆದ್ದಾರಿಯ ಬಾಜೂ ಅರ್ಧ ದಿನ ಬಿಸಿಲಲ್ಲಿ ನಿಂತು, ಯಾರೋ ಕಳಿಸಿದ ಪೊಟ್ಟಣ ಬಿಚ್ಚಿದರೆ ಒಳಗೆ ನೆಟ್ಟಗಿನ ರಾಕೆಟ್ಟು! ಅಲ್ಲಿಂದಲೇ ವಾಪಸ್ ಕಳಿಸಿದೆ. ಕಪಾಟಿನಲ್ಲಿ ಹನ್ನೆರಡನೆಯದಕ್ಕೆಂದು ಬಿಟ್ಟ ಜಾಗ ಖಾಲಿಯೇ ಉಳಿಯಿತು. ಖಾಲಿ ಜಾಗ ಕಂಡರೆ ಶಕುಂತಲಾಗೆ ಆಗುವುದಿಲ್ಲ. ಅಲ್ಲಿ ನಿಂಬೆಕಾಯಿ ಉಪ್ಪಿನಕಾಯಿಯ ಭರಣಿ ಇಟ್ಟಳು.

ಆಗ ಬಂತು ಹುಕ್ಕೇರಿಯಿಂದ ಫೋನು. ಅಲ್ಲಿ ಅರಿವೆ ಅಂಗಡಿ ಇಟ್ಟಿರುವ ಗೆಳೆಯ ಚನ್ನಪ್ಪ.

"ಸರ, ಮಸಗುಪ್ಪ್ಯಾಗ ನಮ್ಮ ಸೋದರತ್ತಿ ಗಂಗವ್ವ ಅದಾಳ. ಅಕಿ ಗಂಡ ಸಾಲಿ ಮಾಸ್ತರ ಇದ್ದ, ತೀರಿಕೊಂಡು ನಾಕ ವರ್ಷ ಆತು. ಮನ್ಯಾಗ ದೇವರ ಜಗಲಿ ಮ್ಯಾಲ ಒಂದು ಹೊತ್ತಿಗಿ ಐತಿ. ಅದರ ಮ್ಯಾಲ ನೀವು ಹೇಳೂ ವಿಮಾನ ತೆಳಗ ಮಾರಿ ಮಾಡೇತಿ ನೋಡ್ರಿ!"

ಹೀಗೆ ನಾನು ಆ ಭಾನುವಾರ ಗಂಗವ್ವನ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತೆ. ಎಂಬತ್ತರ ಮುದುಕಿ, ಕಣ್ಣು ಮಂಜು. ದೇವರ ಜಗಲಿಯಿಂದ ಕೆಂಪು ವಸ್ತ್ರದ ಗಂಟು ತಂದು ನನ್ನ ಎದುರು ಬಿಚ್ಚಿದಳು. ಮೂತಿ ನೆಲಕ್ಕೆ! ಬೆಂಕಿ ಆಕಾಶಕ್ಕೆ! ಮೂಲೆಯಲ್ಲಿ ಒಂದಿಷ್ಟು ವಿಭೂತಿ ಬಿಟ್ಟರೆ ರಟ್ಟು ಸ್ವಚ್ಛವಾಗಿತ್ತು. ನಾನು ಚಹಾದ ಬಸಿ ದೂರ ಸರಿಸಿ ಕೈ ಒರೆಸಿಕೊಂಡೆ.

"ಇದೇನು ಹೊತ್ತಿಗಿ ಅಂತ ಗೊತ್ತೈತೇನ್ರಿ ಸರ?" ಎಂದಳು.

ಇಲ್ಲಿ ನಾನು ಕಾದಂಬರಿ ಎನ್ನಬಹುದಿತ್ತು. ಎಂದಿದ್ದರೆ ಬಿಸಿ ರೊಟ್ಟಿ ಸಿಗುತ್ತಿತ್ತು. ಆದರೆ ದೇವರ ಜಗಲಿಯ ಮೇಲಿದ್ದದ್ದನ್ನು ಕಾದಂಬರಿ ಎಂದರೆ ಮುದುಕಿ ಬೇಸರ ಮಾಡಿಕೊಂಡು ಕೊಡದೇ ಹೋದರೆ?

"ಗೊತ್ತಿಲ್ದ ಏನ್ರಿ ಆಯಿ! ಪುರಾಣ. ಭಾಳ ದೊಡ್ಡ ಪುರಾಣ. ನಾ ಎಷ್ಟ ಸಲ ಓದೇನಿ ಅನ್ನೂದಕ್ಕ ಲೆಕ್ಕಿಲ್ಲ!"

ಗಂಗವ್ವ ಕೆಂಪು ವಸ್ತ್ರವನ್ನು ಮತ್ತೆ ಗಂಟು ಹಾಕಿದಳು. "ಹಂಗಾದ್ರ ಚಲೋ ಆತು. ನಮ್ಮ ಮಾಸ್ತರು ಹ್ವಾದಮ್ಯಾಲ ಬಸವಣ್ಣನ ಗುಡ್ಯಾಗ ಇದನ್ನ ಓದಾವ್ರ ಇಲ್ಲ. ನಾಡದ ಶ್ರಾವಣ ಹಿಡೀತೈತಿ. ನೀವ ಬಂದು ಓದ್ರಿ. ಮಂಗಲ ಆದ ದಿನಾ ಹೊತ್ತಿಗಿ ನಿಮ್ದ."

ನಮ್ಮ ಕಡೆ ಶ್ರಾವಣ ಬಂತೆಂದರೆ ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ತಿಂಗಳಿಡೀ ದಿನಾ ಸಂಜೆ ಒಬ್ಬರು ಓದುವುದು, ಊರು ಕೂತು ಕೇಳುವುದು, ಅಮಾವಾಸ್ಯೆಗೆ ಮುಕ್ತಾಯ ಮಾಡುವುದು. ಆ ಮುಕ್ತಾಯಕ್ಕೆ ಮಂಗಲ ಎನ್ನುತ್ತಾರೆ. ಒಂದು ಪುಸ್ತಕಕ್ಕೆ ಒಂದು ತಿಂಗಳು! ಇಪ್ಪತ್ತೆರಡು ವರ್ಷದ ಮುಂದೆ ಇದ್ಯಾವ ಲೆಕ್ಕ ಎಂದು ಒಪ್ಪಿಕೊಂಡೆ. ಗಣಿತದವರು ಲೆಕ್ಕದಲ್ಲಿ ತಪ್ಪುವುದು ಹೀಗೆ.

ಮೊದಲ ಸಂಜೆ ಗುಡಿಯ ಕಟ್ಟೆಯ ಮೇಲೆ ನಾನು, ಬಾಜೂ, ಒಂದೊಂದು ಭಾಗ ಮುಗಿದ ಕೂಡಲೇ ಬಾರಿಸಲು ಹಾರ್ಮೋನಿಯಂ ಹಿಡಿದ ಸಿದ್ದಪ್ಪ, ಎದುರಿಗೆ ಊರು. ಬೆನ್ನು ಬಿರಿಯಬಾರದೆಂದು ಪುಸ್ತಕವನ್ನು ಎರಡು ಬೆರಳಿನಷ್ಟೇ ತೆರೆದು, ಒಳಗೆ ಇಣುಕಿ ಇಣುಕಿ ಓದತೊಡಗಿದೆ.

"ಪೂರಾ ತೆರೀರಿ ಸರ, ಕಡಿಯೂದಿಲ್ಲ ಅದು" ಎಂದ ಸಿದ್ದಪ್ಪ.

ಕಥೆ ಏನೆಂದರೆ, ಭೂಮಿಯ ಹುಡುಗಿಯೊಬ್ಬಳಿಗೆ ಶನಿಗ್ರಹದ ಗಂಡು ಗೊತ್ತಾಗುತ್ತದೆ. ಶನಿಯ ಉಂಗುರದ ಮೇಲೆ ಮನೆ, ಅತ್ತೆಗೆ ಮೂರು ಕಣ್ಣು. ಹೆಂಗಸರೆಲ್ಲ ಮುಂದೆ ಸರಿದು ಕೂತರು. ಗಂಡಸರ ಕಡೆಯಿಂದ ಪ್ರಶ್ನೆ ಬಂತು: "ಸರ, ಶನಿ ಮ್ಯಾಲ ಕಬ್ಬಿಗೆ ನೀರ ಹೆಂಗ್ರಿ?"

ಲೆಕ್ಕವಿಲ್ಲದಷ್ಟು ಸಲ ಓದಿದವನು ಗೊತ್ತಿಲ್ಲ ಎನ್ನಲಾದೀತೆ? "ಕಾಲುವಿ ಅದಾವ್ರಿ" ಎಂದೆ. ಮರುದಿನ ಪುಟ ತಿರುವಿದರೆ, ಆ ಗ್ರಹದಲ್ಲಿ ಹನಿ ನೀರಿಲ್ಲ ಎಂದು ಲೇಖಕರು ಬರೆದಿದ್ದರು!

"ನಿನ್ನಿ ಕಾಲುವಿ ಅಂದ್ರಲ್ರಿ?"

"ಒಣಗ್ಯಾವ್ರಿ."

ಮುಂಚಿತವಾಗಿ ಓದಿಕೊಳ್ಳೋಣವೆಂದರೆ ಪುಸ್ತಕ ಗಂಗವ್ವನ ಜಗಲಿ ಬಿಟ್ಟು ಕದಲುತ್ತಿರಲಿಲ್ಲ. ಹತ್ತನೆಯ ಸಂಜೆ ಇನ್ನೂ ದೊಡ್ಡ ಪೆಟ್ಟು ಬಿತ್ತು. ಪುರಾಣದಲ್ಲಿ ಮದುವೆ ಬಂದರೆ ಕೇಳುವವರು ಸುಮ್ಮನೆ ಕೂರುವುದಿಲ್ಲ. ಅಕ್ಕಿಕಾಳು ಹಾಕಬೇಕು, ಸಿಹಿ ಊಟ ಆಗಬೇಕು. ಮಗು ಹುಟ್ಟಿದರೆ ನಿಜವಾದ ತೊಟ್ಟಿಲು ಕಟ್ಟಬೇಕು. ನಾನು ಏನೂ ಅರಿಯದೆ ಓದುತ್ತ ಹೋಗಿ, "ಶುಭಲಗ್ನ ಸಮೀಪಿಸಿತು" ಎಂದುಬಿಟ್ಟೆ.

ಸಭೆ ಎದ್ದು ನಿಂತಿತು. "ನಿಂದರ್ರಿ, ನಿಂದರ್ರಿ! ಮದವಿ ಇವತ್ತ ಬರ್ತೈತಿ ಅಂತ ನಿನ್ನಿ ಹೇಳಬಾರದೇನ್ರಿ? ಅಕ್ಕಿಕಾಳಿಲ್ಲ, ಹುಗ್ಗಿಗೆ ಗೋಧಿ ಕುಟ್ಟಿಲ್ಲ! ಅಷ್ಟ ಸಲ ಓದೇನಿ ಅಂದ್ರಿ!"

ಶನಿಗ್ರಹದ ಲಗ್ನ ಒಂದು ದಿನ ಮುಂದಕ್ಕೆ ಹೋಯಿತು. ಮರುದಿನ ಊರೆಲ್ಲ ಸೇರಿ ಒಗೆದ ಅರಿಶಿನದ ಅಕ್ಕಿಕಾಳು ಯಾವುದರ ಮೇಲೆ ಬೀಳಬೇಕು? ಮದುಮಗಳು ಪುಸ್ತಕದ ಒಳಗಿದ್ದಳು. ನನ್ನ ಮೊದಲ ಮುದ್ರಣದ ಎರಡು ಪುಟ ಹಳದಿಯಾದವು. ನಾನು ಹುಗ್ಗಿ ಉಣ್ಣುತ್ತ ಒಳಗೊಳಗೇ ಅತ್ತೆ.

ಹದಿನೆಂಟನೆಯ ದಿನಕ್ಕೆ ಹಸಿರು ಮೈಯ ಮೂರು ಕಣ್ಣಿನ ಕೂಸು ಹುಟ್ಟಿತು. ಗುಡಿಯಲ್ಲಿ ತೊಟ್ಟಿಲು ಕಟ್ಟಿದರು. ಹೆಸರಿಡಲು ಕೂಸಿನ ಸೋದರತ್ತೆ ಬೇಕು. ಲೇಖಕರು ಸೋದರತ್ತೆಯನ್ನೇ ಬರೆದಿರಲಿಲ್ಲ! "ನಿಮ್ಮ ಮನಿಯವ್ರನ್ನ ಕರೀರಿ" ಎಂದಳು ಗಂಗವ್ವ. ಶಕುಂತಲಾ ಹೊಸ ಸೀರೆ ಉಟ್ಟು ಬಂದು, ಕೂಸಿನ ಬದಲು ತೊಟ್ಟಿಲಲ್ಲಿಟ್ಟಿದ್ದ ತೆಂಗಿನಕಾಯಿಯ ಕಿವಿಯಲ್ಲಿ ಹೆಸರು ಹೇಳಿ, ಪದ್ಧತಿಯಂತೆ ಹೆಂಗಸರಿಂದ ಬೆನ್ನ ಮೇಲೆ ಗುದ್ದು ತಿಂದು ನಕ್ಕಳು. ಅಂದಿನಿಂದ ದಿನಾ ನನ್ನ ಜೊತೆ ಬಸ್ಸು ಹತ್ತತೊಡಗಿದಳು. "ಆ ಮೂರ ಕಣ್ಣಿನ ಅತ್ತಿ ಮುಂದೇನ್ ಮಾಡ್ತಾಳ್ರಿ?" ಎಂದು ದಾರಿಯುದ್ದಕ್ಕೂ ಕೇಳುವಳು. ನನಗೇನು ಗೊತ್ತು?

ನಾನಂತೂ ಸೋತು ಹೋಗಿದ್ದೆ. ಹಗಲು ಪ್ರಮೇಯ, ಸಂಜೆ ಪುರಾಣ, ಎರಡರ ನಡುವೆ ಬಸ್ಸಿನಲ್ಲಿ ನಿಂತ ಮೊಣಕಾಲು. ಒಂದು ದಿನ ತರಗತಿಯಲ್ಲಿ ಪ್ರಮೇಯ ಬಿಡಿಸಿ ಸುಮ್ಮನೆ ನಿಂತೆ. ಯಾಕೆ ನಿಂತೆನೆಂದು ಮಕ್ಕಳಿಗೆ ತಿಳಿಯಲಿಲ್ಲ. ಹಾರ್ಮೋನಿಯಂಗೆ ಕಾಯುತ್ತಿದ್ದೆ.

ಮಂಗಲಕ್ಕೆ ಎರಡು ದಿನವಿರುವಾಗ ಸಿದ್ದಪ್ಪ ಕಾರ್ಯಕ್ರಮ ಹೇಳಿದ. ಅಂದು ಹೊತ್ತಿಗೆಯನ್ನು ತಲೆಯ ಮೇಲಿಟ್ಟುಕೊಂಡು ಊರು ಸುತ್ತಿಸುವುದು. ಪ್ರತಿ ಮನೆಯ ಮುಂದೆ ನೀರು, ವಿಭೂತಿ, ಕುಂಕುಮ, ಕಾಯಿ.

"ಎಷ್ಟ ಮನಿ ಅದಾವ?" ಎಂದೆ.

"ಎಲ್ಲಾ ಮನಿ."

ಪ್ಲಾಸ್ಟಿಕ್ ಹೊದಿಸೋಣವೇ ಎಂದು ಕೇಳಿ ನೋಡಿದೆ. "ಯಾಕ್ರಿ, ನೆಗಡಿ ಆಕ್ಕೈತೇನು ಅದಕ್ಕ?" ಎಂದರು.

ಆಗ ನನಗೆ ಬುದ್ಧಿ ಓಡಿತು. ಓಡಬಾರದಿತ್ತು. ಶಾಲೆಗೆ ರಜೆ ಹಾಕಿ ಹುಕ್ಕೇರಿಗೆ ಹೋಗಿ ಚನ್ನಪ್ಪ ಅದೇ ವಾರ ಎಲ್ಲೋ ಹುಡುಕಿಟ್ಟಿದ್ದ ಇದೇ ಪುಸ್ತಕದ ಮೂರನೆಯ ಮುದ್ರಣ ಇಸಿದುಕೊಂಡು ಬಂದೆ. ಮಂಗಲದ ಬೆಳಿಗ್ಗೆ, ಕೊನೆಯ ಅಧ್ಯಾಯ ಓದಿ ಮುಗಿಸಿ, "ನಾನ ವಸ್ತ್ರ ಕಟ್ತೇನಿ" ಎಂದು ಕಂಬದ ಮರೆಗೆ ಹೋಗಿ, ಮೂರನೆಯದನ್ನು ಕೆಂಪು ವಸ್ತ್ರದಲ್ಲಿಟ್ಟೆ, ಮೊದಲನೆಯದನ್ನು ನನ್ನ ಚೀಲದಲ್ಲಿಟ್ಟೆ. ಯಾರೂ ನೋಡಲಿಲ್ಲ. ಶಕುಂತಲಾ ನೋಡಿದಳು.

ಗಂಗವ್ವ ಮೊದಲ ವಿಭೂತಿ ಹಚ್ಚಲು ಬಂದಳು. ವಸ್ತ್ರ ಬಿಚ್ಚಿದಳು. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು.

"ಇದು ನಮ್ದಲ್ಲ. ವಿಮಾನ ಮ್ಯಾಲ ನೋಡಾಕತ್ತೈತಿ. ನಮ್ಮ ಹೊತ್ತಿಗ್ಯಾಗ ಅದು ತೆಳಗ ನೋಡ್ತೈತಿ."

ಇಪ್ಪತ್ತೆರಡು ವರ್ಷದಲ್ಲಿ ನಾನು ಕಂಡ ಏಕೈಕ ನಿಜವಾದ ಸಂಗ್ರಾಹಕಿ!

"ಚೀಲದಾಗ ಐತ್ರಿ ಆಯಿ" ಎಂದಳು ನನ್ನ ಧರ್ಮಪತ್ನಿ.

ಗಂಗವ್ವ ನನ್ನ ಕಡೆ ತಿರುಗಿದಳು. 'ಸರ' ಹೋಗಿ 'ತಮ್ಮ' ಬಂದ. "ಯಾಕ ತಮ್ಮಾ?"

"ಹಾಳಾಕ್ಕೈತಿ ಅಂತ್ರಿ ಆಯಿ. ಇದು ಮೊದಲನೇ ಮುದ್ರಣ... ಖರೆ ಹೇಳ್ತೇನಿ, ಇದು ಪುರಾಣ ಅಲ್ರಿ. ಕಾದಂಬರಿ."

ಮುದುಕಿ ನಕ್ಕಳು. ಸಿದ್ದಪ್ಪ ನಕ್ಕ. ಊರೇ ನಕ್ಕಿತು.

"ಅದು ನಮಗ ಗೊತ್ತಿಲ್ಲೇನೋ? ನಮ್ಮ ಮಾಸ್ತರು ಮೊದಲನೇ ವರ್ಷಾನ ಹೇಳಿದ್ರು, ಇದು ಕಟ್ಟಿದ ಕಥಿ, ಚಲೋ ಐತಿ, ಕೇಳ್ರಿ ಅಂತ. ನೀ ಬಂದ ದಿನಾ ಪುರಾಣ ಅಂದಿ. ಆವಾಗ ತಿಳೀತು, ಇಂವ ಇದನ್ನ ಓದೇ ಇಲ್ಲ ಅಂತ. ನೀರಿನ ಮಾತೂ ಊರವ್ರು ಗೊತ್ತಿದ್ದ ಕೇಳಿದ್ರು. ಓದಲಾರದಾವನ ಕೈಯಾಗ ಅವರ ಹೊತ್ತಿಗಿ ಹೆಂಗ ಕೊಡ್ಲಿ? ಅದಕ್ಕ ಓದಿಸಿದೆ."

ನಾನು ಚೀಲದಿಂದ ಪುಸ್ತಕ ತೆಗೆದು ಕೊಟ್ಟೆ. ಬಹಳ ನಾಚಿಕೆಯಾಯಿತು. ಇಷ್ಟು ವರ್ಷ ಮಕ್ಕಳಿಗೆ ಉತ್ತರ ನೋಡಿ ಲೆಕ್ಕ ಬರೆಯಬೇಡಿ ಎಂದು ಬೈದವನು ನಾನು.

ತಪ್ಪಿಗೆಂದು ಪುಸ್ತಕವನ್ನು ನನ್ನ ತಲೆಯ ಮೇಲೆಯೇ ಇಟ್ಟರು. ಎಲ್ಲಾ ಮನೆ ಎಂದರೆ ಎಲ್ಲಾ ಮನೆ. ಕಾಯಿ ನೀರು ಪುಸ್ತಕದಿಂದ ಇಳಿದು ನನ್ನ ಕನ್ನಡಕಕ್ಕೆ, ಕುಂಕುಮ ಕಿವಿಗೆ. ಒಬ್ಬ ತಾಯಿ ಭಕ್ತಿ ಹೆಚ್ಚಾಗಿ ಹಾಲು ಸುರಿದಳು! ಗುಡಿಗೆ ಮರಳಿದಾಗ ಪುಸ್ತಕ ನೆನೆದು ಎರಡು ಪಟ್ಟು ದಪ್ಪವಾಗಿತ್ತು. ರಾಕೆಟ್ಟು ಮೇಲೆ ನೋಡುತ್ತಿತ್ತೋ ಕೆಳಗೆ ನೋಡುತ್ತಿತ್ತೋ ಹೇಳುವಂತಿರಲಿಲ್ಲ. ರಾಕೆಟ್ಟೇ ಇರಲಿಲ್ಲ.

ಗಂಗವ್ವ ಅದನ್ನು ಸೆರಗಿನಿಂದ ಒರೆಸಿ ನನ್ನ ಕೈಯಲ್ಲಿಟ್ಟಳು. "ಈ ತಿಂಗಳ ನಮ್ಮ ಮಾಸ್ತರು ಇದ್ದಂಗ ಆತು ತಮ್ಮಾ" ಎಂದಳು. ಅವಳ ಕಣ್ಣು ತುಂಬಿದ್ದವು. ನನ್ನವೂ ತುಂಬಿದವು. ನನ್ನವು ಯಾವುದಕ್ಕೆ ತುಂಬಿದವೋ ನಾನು ಖಚಿತವಾಗಿ ಹೇಳಲಾರೆ.

ಮನೆಗೆ ಬಂದು ಭರಣಿ ಸರಿಸಿ ಹನ್ನೆರಡನೆಯದನ್ನು ಕಪಾಟಿನಲ್ಲಿಡಲು ಹೋದೆ.

"ಪೂಜಿ ಆದ ಹೊತ್ತಿಗಿ ಕಪಾಟಿನ್ಯಾಗ ಇಡ್ತಾರೇನ್ರಿ?" ಎಂದು ಶಕುಂತಲಾ ಅದನ್ನು ಕಸಿದುಕೊಂಡು ನಮ್ಮ ದೇವರ ಜಗಲಿಯ ಮೇಲಿಟ್ಟಳು. ಉಪ್ಪಿನಕಾಯಿಯ ಭರಣಿ ತನ್ನ ಜಾಗಕ್ಕೆ ಮರಳಿತು. ಆಮೇಲೆ ಕೈ ತೊಳೆಯುತ್ತ ಹೇಳಿದಳು: "ಮುಂದಿನ ಶ್ರಾವಣಕ್ಕ ಏನ್ ಓದ್ತೀರಿ ಅಂತ ಕೇಳಿದ್ರು. ನಮ್ಮ ಮನ್ಯಾಗ ಇನ್ನೂ ಹನ್ನೊಂದು ಅದಾವ್ರಿ, ಒಂದೂ ತೆರದಿಲ್ಲ ಅಂತ ಹೇಳಿ ಬಂದೇನಿ."

ಹನ್ನೊಂದು ಶ್ರಾವಣ!

ಮದುವೆ ಯಾವ ದಿನ ಬರುತ್ತದೆಂದು ಈ ಸಲ ಮುಂಚೆಯೇ ತಿಳಿಸಬೇಕಂತೆ. ಆದ್ದರಿಂದ ನಿನ್ನೆ ಮಧ್ಯಾಹ್ನ ಕಪಾಟಿನಿಂದ ಮೊದಲನೆಯ ಪುಸ್ತಕ ತೆಗೆದು, ಉಸಿರು ಬಿಗಿಹಿಡಿದು, ಪೂರಾ ತೆರೆದೆ. ಬೆನ್ನು 'ಪಟ್' ಎಂದಿತು.

"ಏನ್ ಮುರೀತ್ರಿ?" ಎಂದು ಅಡುಗೆಮನೆಯಿಂದ ಕೇಳಿದಳು.

"ಏನಿಲ್ಲ. ಓದಾಕತ್ತೇನಿ."

ನಲವತ್ತು ಪುಟ ಆಗಿದೆ. ಮಾತಾಡುವ ಗುಡ್ಡ ಇನ್ನೂ ಮಾತಾಡಿಲ್ಲ, ಆದರೆ ಕಥೆ ಚೆನ್ನಾಗಿದೆ. ವಿಚಾರಿಸಿದೆ: ಎರಡನೆಯ ಮುದ್ರಣದಲ್ಲೂ ಇದೇ ಕಥೆ ಇದೆಯಂತೆ.